ಬಾಗಿಲ ಬಳಿಯ ಕಪ್ಪು ಕಲ್ಲು

ಹ್ಯಾಮಿಲ್ಟನ್ನಿನಲ್ಲಿ ನಾವು ಗಣೇಶನನ್ನು ಕೂರಿಸುವುದು ಡಚ್ಚರ ಚರ್ಚಿನ ಹಾಲ್‌ನಲ್ಲಿ. ಯುದ್ಧದಲ್ಲಿ ಅವರ ಊರಿನ ಚರ್ಚಿಗೆ ಬಾಂಬು ಬಿತ್ತು. ಉಳಿದವರು ಹಡಗು ಹತ್ತಿ ಬಂದು ಇಲ್ಲಿ ಮತ್ತೆ ಕಟ್ಟಿದರು, ಬರೀ ಕಾಂಕ್ರೀಟಿನಲ್ಲಿ. ಗೋಪುರವಿಲ್ಲ, ಗಂಟೆಯಿಲ್ಲ. ವಾಸ್ತುಶಿಲ್ಪ ಓದುವವರು ಬಂದು ಚಾವಣಿಯ ಫೋಟೊ ಹೊಡೆಯುತ್ತಾರೆ. ನನ್ನ ಕಣ್ಣಿಗೆ ಅದು ಕಾರ್ ಶೋರೂಮ್. ಆದರೆ ಅಡುಗೆಮನೆ ಬಿಟ್ಟುಕೊಡುತ್ತಾರೆ, ಹಾಗಾಗಿ ನನ್ನ ತಕರಾರಿಲ್ಲ.

ಹಾಲ್ ಬುಕ್ ಮಾಡುವುದು ನನ್ನ ತಲೆಗೆ ಕಟ್ಟಿದ ಕೆಲಸ. ಪೂಜೆ ವಾಸುದೇವ್ ಅವರದು. ವಾರವೆಲ್ಲ ಸಾಫ್ಟ್‌ವೇರ್, ಹಬ್ಬಕ್ಕೆ ಪಂಚೆ. ಒಳಗೆ ಕಾರ್ಪೆಟ್ ಇದೆಯೆಂದು ಈ ಸಲ ಕಾಯಿ ಒಡೆಯಲು ಹೊರಗೆ ಹೋದರು. ಬಾಗಿಲ ಬಳಿ ಪುಟ್ಟ ಕಟ್ಟೆಯ ಮೇಲೆ ಒಂದು ಕಪ್ಪು ಕಲ್ಲು. ಅದಕ್ಕೆ ಕುಂಕುಮ ಹಚ್ಚಿ, ಎರಡು ಸೇವಂತಿಗೆ ಇಟ್ಟು, ಕಾಯಿ ಕುಕ್ಕಿದರು. ಕಾಯಿ ಒಡೆಯಲಿಲ್ಲ. ಕಲ್ಲು ಎರಡು ಹೋಳಾಯಿತು.

"ಎಣ್ಣೆ ಹಚ್ಚೀ ಹಚ್ಚೀ ಕಪ್ಪಾಗಿದೆ ಅಂದ್ಕೊಂಡೆ ಕಣ್ರೀ ಉಷಾ," ಎಂದರು.

ಕಪ್ಪಾದದ್ದು ಬೆಂಕಿಗೆ. ಹಳೆಯ ಚರ್ಚಿನದೆಂದು ಉಳಿದಿದ್ದ ಒಂದೇ ಕಲ್ಲು ಅದು. ಹಡಗಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದವರು ಹೆಂಕ್ ಅವರ ತಾಯಿ. ಈಗ ಹೆಂಕ್‌ಗೇ ತೊಂಬತ್ತು ಹತ್ತಿರ. ಚರ್ಚಿಗೆ ಬೀಗ ಹಾಕುವವರು ಅವರೇ. ಬಾಂಬಿಗೆ ಉಳಿದದ್ದು ನಮ್ಮ ಮೈಸೂರಿನವರ ಕೈಗೆ ಉಳಿಯಲಿಲ್ಲವಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು. ಹೆಂಕ್ ಬರುವುದರೊಳಗೆ ಅಂಟಿಸಿಬಿಡೋಣ ಎಂದರು ಕೆಲವರು. ವಾಸುದೇವ್ ಊಟ ಬಿಟ್ಟು ಕಲ್ಲಿನ ಪಕ್ಕದಲ್ಲೇ ಕೂತರು.

ಸಂಜೆ ಹೆಂಕ್ ಬಂದರು. ವಾಸುದೇವ್ ಎದ್ದು ನಿಂತು ಇಂಗ್ಲಿಷಿನಲ್ಲಿ, "ನಾನೇ ಒಡೆದೆ. ದೇವರು ಅಂದುಕೊಂಡಿದ್ದೆ," ಎಂದರು.

"ದೇವರಲ್ಲ," ಎಂದರು ಹೆಂಕ್. "ನನ್ನ ಅಕ್ಕ ಸತ್ತದ್ದು ಆ ಚರ್ಚಿನ ಗೋಡೆಯಡಿ. ಹೂಳುವುದಕ್ಕೆ ಏನೂ ಸಿಗಲಿಲ್ಲ. ಅದಕ್ಕೇ ಅಮ್ಮ ಇದನ್ನು ತಂದಳು." ಆಮೇಲೆ ಕೇಳಿದರು, "ಹೂವು ಇಟ್ಟದ್ದು ಯಾರು?"

"ಅದೂ ನಾನೇ."

ಹೆಂಕ್ ಬಾಗಿ ಹೂವನ್ನು ಮುಟ್ಟಿ ನೋಡಿದರು. ವಾಸುದೇವ್ ಕೇಳಿದರು, "ನಿಮ್ಮ ಅಕ್ಕನ ಹೆಸರೇನು? ನಾಳೆಯ ಪೂಜೆಯಲ್ಲಿ ಹೇಳುತ್ತೇನೆ."

"ಮರೈಕಾ."

"ಗೋತ್ರ?"

ಅಭ್ಯಾಸಬಲ. ಗೋತ್ರವೆಂದರೆ ಯಾವ ವಂಶದವರು ಎಂದು ಕೇಳುವುದು ಎಂದು ನಾನು ವಿವರಿಸಬೇಕಾಯಿತು. ಹೆಂಕ್ ಸ್ವಲ್ಪ ಯೋಚಿಸಿ, "ಕ್ಯಾಥೊಲಿಕ್," ಎಂದರು.

ಮರುದಿನ ಅವರು ಶೂ ಬಿಚ್ಚಿಟ್ಟು ಹಿಂದಿನ ಕುರ್ಚಿಯಲ್ಲಿ ನನ್ನ ಪಕ್ಕ ಕೂತರು. ಸಂಕಲ್ಪದಲ್ಲಿ ನಮ್ಮೆಲ್ಲರ ಹೆಸರುಗಳ ನಡುವೆ ವಾಸುದೇವ್ "ಮರೈಕಾ" ಎಂದರು. ಗಣೇಶನ ಪೂಜೆಯಲ್ಲಿ ಸತ್ತವರ ಹೆಸರು ಹೇಳುವ ಪದ್ಧತಿಯಿಲ್ಲ. ಯಾರೂ ತಿದ್ದಲಿಲ್ಲ.

"ಅಮ್ಮ ಇರುವ ತನಕ ಮನೆಯಲ್ಲಿ ಆ ಹೆಸರು ಎತ್ತುವ ಹಾಗಿರಲಿಲ್ಲ," ಎಂದರು ಹೆಂಕ್. "ಆಮೇಲೆ ಎತ್ತುವುದಕ್ಕೆ ಯಾರೂ ಇರಲಿಲ್ಲ."

ಮತ್ತೆ ನನ್ನ ಕಡೆ ಬಾಗಿ ಕೇಳಿದರು, "ಇನ್ನೊಂದು ಸಲ ಹೇಳುತ್ತಾರಾ?"