ಬಯಕೆಯ ಮೊಸರು

ಗದಗಿನಿಂದ ಹೊರಟ ಬಸ್ಸು ಗಜೇಂದ್ರಗಡ ಮುಟ್ಟುವ ತನಕ ಸುಧಾರಾಣಿ ಮತ್ತು ಅವಳ ಗಂಡ ಶರತ ಒಬ್ಬರಿಗೊಬ್ಬರು ಒಂದು ಮಾತೂ ಆಡಿರಲಿಲ್ಲ. ಆಡುವುದಕ್ಕೆ ಏನು ಉಳಿದಿತ್ತು? ಹೊಟ್ಟೆಯೊಳಗೆ ಕೂಸಿನ ಎದೆಬಡಿತ ನಿಂತಿದೆ, ನಾಳೆ ಬೆಳಿಗ್ಗೆ ಬಂದು ಅಡ್ಮಿಟ್ ಆಗಿ ಎಂದು ಹೇಳಿ ಡಾಕ್ಟರು ಮುಂದಿನವರನ್ನು ಕರೆದಿದ್ದರು. ಮದುವೆಯಾಗಿ ಒಂಬತ್ತು ವರ್ಷ ಕಾದ ಮೇಲೆ ನಿಂತ ಬಸಿರು ಅದು, ಐದು ತಿಂಗಳು ತುಂಬಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಜನ ಮಾತುಮಾತಿಗೂ ಅನ್ನುತ್ತಾರೆ. ಹಾಗೆಂದರೆ ಏನೆಂದು ಅವಳಿಗೆ ಇವತ್ತು ತಿಳಿಯಿತು.

ದಾರಿಯಲ್ಲಿ ಅತ್ತೆ ವೀರವ್ವನ ಫೋನು ಬಂದಿತ್ತು. "ಕೂಸು ಹ್ಯಾಂಗೈತೋ?" ಎಂದು ಕೇಳಿದ್ದು ಸುಧಾರಾಣಿಗೂ ಕೇಳಿಸಿತ್ತು. ಮಗ್ಗದ ಸದ್ದಿನ ನಡುವೆ ಮಾತಾಡಿ ರೂಢಿಯಾದ ಆ ಗಂಟಲಿಗೆ ಫೋನೇ ಬೇಕಿರಲಿಲ್ಲ. ಶರತ ಕಿಟಕಿಯ ಕಡೆ ಮುಖ ತಿರುಗಿಸಿ "ಚಲೋ ಐತಿ ಬೇ" ಎಂದುಬಿಟ್ಟ. ಅವನನ್ನು ಬಯ್ಯುವಷ್ಟು ಕಸುವು ಅವಳಲ್ಲಿರಲಿಲ್ಲ. ಮನೆಗೆ ಹೋಗಿ, ಬಾಗಿಲು ಹಾಕಿಕೊಂಡು, ಅತ್ತೆಯನ್ನು ಕೂರಿಸಿ ತಾನೇ ಹೇಳಬೇಕು ಎಂದುಕೊಂಡಳು.

ಆದರೆ ತಾನೊಂದು ಬಗೆದರೆ ದೈವವೊಂದು ಬಗೆಯಿತು. ವೀರವ್ವ ಮನೆಯಲ್ಲಿರಲಿಲ್ಲ. ಪೆಟ್ಟಿಗೆಯ ಸೀರೆ ತೆಗೆದುಟ್ಟು, ಹಣೆಗೆ ವಿಭೂತಿ ಬಳಿದುಕೊಂಡು ಬಸ್ ಸ್ಟ್ಯಾಂಡಿನಲ್ಲೇ ನಿಂತಿದ್ದಳು.

"ಮನಿಗೆ ಆಮ್ಯಾಲೆ ಹೋಗೂಣು," ಎಂದು ಸೊಸೆಯ ಕೈ ಹಿಡಿದಳು. "ಹುಳಿ ಅಂದ್ರ ಜೀವಾ ಬಿಡ್ತಿ ನೀ. ಆ ಹೊಸಾ ಅಂಗಡ್ಯಾಗ ತರಾವರಿ ಮೊಸರು ಸಿಗ್ತೈತಂತ. ಇವತ್ತ ನಿನ್ನ ಬಯಕಿ ಊಟ ಅಲ್ಲೇ."

ಬಸುರಿಯನ್ನು ತೋಟಕ್ಕೋ ಹೊಳೆದಂಡೆಗೋ ಕರೆದೊಯ್ದು ಬೇಕೆಂದದ್ದನ್ನು ಉಣ್ಣಿಸುವುದು ಹಿಂದಿನಿಂದ ಬಂದ ಪದ್ಧತಿ. ಇವರ ಓಣಿಯ ನೇಕಾರರಿಗೆ ತೋಟ ಎಲ್ಲಿಂದ ಬರಬೇಕು? ಹೀಗಾಗಿ ಊರಲ್ಲಿ ಹೊಸದೇನು ತೆರೆದರೂ ಬಸುರಿಯರ ಸವಾರಿ ಮೊದಲು ಅಲ್ಲಿಗೆ ಹೋಗುತ್ತದೆ. ಈ ಅಂಗಡಿಯಲ್ಲಂತೂ ಗೋಡೆಯುದ್ದಕ್ಕೂ ಯಂತ್ರಗಳು. ಹಿಡಿಕೆ ಎಳೆದರೆ ಐಸ್‌ಕ್ರೀಮಿನಂತೆ ಹೆಪ್ಪುಗಟ್ಟಿದ ಮೊಸರು ಬಣ್ಣಬಣ್ಣವಾಗಿ ಸುರುಳಿ ಸುತ್ತಿ ಇಳಿಯುತ್ತದೆ. ಬಡಿಸುವವರು ಯಾರೂ ಇಲ್ಲ, ಬಂದವರೇ ಬಟ್ಟಲು ಹಿಡಿದು ತುಂಬಿಕೊಂಡು ತೂಕಕ್ಕಿಡಬೇಕು. ಗಿರಾಕಿಯ ಕೈಯಿಂದಲೇ ಕೆಲಸ ಮಾಡಿಸುವ ಈ ಜಾಣತನಕ್ಕೆ ಊರೆಲ್ಲ ಮರುಳಾಗಿತ್ತು.

ತಕ್ಕಡಿಯ ಹತ್ತಿರ ನಿಂತಿದ್ದ ರೇಷ್ಮಾ ಎಂಬ ಹುಡುಗಿ ಸುಧಾರಾಣಿಗೆ ಖಾಲಿ ಬಟ್ಟಲು ಚಾಚಿದಳು. "ನಿಮಗ ಬೇಕಾದ್ದ ನೀವಾ ಹಾಕ್ಕೋರಿ ಅಕ್ಕಾ."

ವೀರವ್ವ ನಡುವೆಯೇ ಬಟ್ಟಲು ಇಸಿದುಕೊಂಡಳು. "ಬಸರಿ ಹೆಣಮಗಳು ಬಯಕಿ ಊಟಾ ತಾನಾ ನೀಡ್ಕೋತಾಳೇನವಾ? ಮತ್ತ ನಾವ್ ಯಾಕ ಅದೀವಿ?"

ಒಂದೊಂದೇ ಯಂತ್ರದ ಮುಂದೆ ನಿಂತು, ಹಿಡಿಕೆ ಎಳೆದು, ಎಲ್ಲದರಲ್ಲೂ ಚೂರುಚೂರು ತುಂಬಿದಳು. ಮಾವು, ನೇರಳೆ, ಬರೀ ಹುಳಿ, ಕೊನೆಗೆ ಯಾವುದೋ ನೀಲಿ.

"ಸಾಕ ಬಿಡ ಬೇ," ಎಂದ ಶರತ.

"ಒಂದ ಬಿಟ್ರೂ ಕೂಸು ಜೊಲ್ಲ ಸುರಸ್ತೈತಿ. ನಿನಗೇನ ತಿಳೀತೈತಿ, ಸುಮ್ನಿರು."

ಶರತ ಫೋನು ಬಂದವನಂತೆ ಕಿವಿಗೆ ಹಿಡಿದು ಹೊರಗೆ ಹೋದ. ಫೋನು ಬಂದಿರಲಿಲ್ಲ. ಗಂಡಸಿಗೆ ಹೀಗೆ ಹೊರಗೆ ಹೋಗುವುದು ಸಲೀಸು. ಈ ಹೊಟ್ಟೆ ಹೊತ್ತು ಸುಧಾರಾಣಿ ಎಲ್ಲಿಗೆ ಹೋಗಬೇಕು?

ಮೇಜಿನ ಮುಂದೆ ಕೂತ ಮೇಲೆ ವೀರವ್ವ ತನ್ನ ಕೈಯಾರೆ ಉಣಿಸತೊಡಗಿದಳು. ಈಗ ಹೇಳಿಬಿಡುತ್ತೇನೆ ಎಂದು ಸುಧಾರಾಣಿ ಪ್ರತಿ ಸಲ ಬಾಯಿ ತೆರೆದಳು, ಪ್ರತಿ ಸಲ ಚಮಚ ಒಳಗೆ ಬಂತು. ಬಾಯೊಳಗಿದ್ದದ್ದು ತಣ್ಣನೆಯ ಮೊಸರು. ಅವಳ ಪಾಲಿಗೆ ಅದು ನುಂಗಲೂ ಆಗದ, ಉಗುಳಲೂ ಆಗದ ಬಿಸಿತುಪ್ಪವೇ ಆಗಿತ್ತು.

"ಏಳ ತಿಂಗಳಿನ ಕುಬಸಕ್ಕ ಅಂತ ಮಗ್ಗದಾಗ ಹಸರ ಸೀರಿ ಹಾಕೇನಿ, ನಿನಗ ಹೇಳಿದ್ದಿಲ್ಲ," ಎಂದಳು ವೀರವ್ವ. "ಸೆರಗೊಂದ ಉಳದೈತಿ. ನಾಳಿ ಮಗ್ಗದಿಂದ ಇಳಸ್ತೀನಿ."

ನಾಳೆ ಎಂದ ಕೂಡಲೇ ಸುಧಾರಾಣಿ ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡಳು. ಅಳು ಬರಲಿಲ್ಲ. ಬಂದಿದ್ದರೆ ಹೇಳುವ ಕೆಲಸವಾದರೂ ತಪ್ಪುತ್ತಿತ್ತು.

"ಇದರಾಗ ಯಾವುದ ಹಿಡಸ್ತು ಹೇಳು, ಇನ್ನಷ್ಟ ತರ್ತೀನಿ."

"ಏನೂ ಬ್ಯಾಡನಸ್ತೈತ್ರಿ ಅತ್ತಿ."

ವೀರವ್ವ ನಕ್ಕಳು. "ರುಚಿ ಹೊಸಾದ ಐತಿ, ಅದಕ್ಕ. ಹೋಗೂಮುಂದ ಹುಣಸಿಕಾಯಿ ತಗೊಳ್ಳೂಣು."

"ಅದೂ ಬ್ಯಾಡ್ರಿ."

"ಹುಣಸಿಕಾಯಿನೂ ಬ್ಯಾಡಾ? ಯಾವಾಗಿಂದ?"

"ಮೊನ್ನಿ ಸೋಮವಾರದಿಂದ್ರಿ."

ಚಮಚ ಬಟ್ಟಲಿನ ಅಂಚಿನಲ್ಲಿ ನಿಂತಿತು. ಶರತನಿಗಿಂತ ಮುಂಚೆ ವೀರವ್ವನ ಹೊಟ್ಟೆಯಲ್ಲಿ ಎರಡು ಕೂಸು ಹೀಗೆಯೇ ಹೋಗಿದ್ದವು. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಬಯಕೆ ಒಮ್ಮೆಲೇ ಬಿಟ್ಟುಹೋಗುವುದು ಹೇಗಿರುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಕೂಸು ಒಳಗ ಹೊಳ್ಳಾಡತೈತೇನ?" ಆ ದೊಡ್ಡ ಗಂಟಲು ಪಕ್ಕದ ಮೇಜಿಗೂ ಕೇಳಿಸದಷ್ಟು ಇಳಿದಿತ್ತು.

ಸುಧಾರಾಣಿ ಇಲ್ಲವೆಂದು ತಲೆಯಾಡಿಸಿದಳು. "ಜೀವಾ ಹೋಗೇತಂದ್ರು. ನಾಳಿ ಬಾ ಅಂದಾರ್ರಿ."

ವೀರವ್ವ ಗಾಜಿನ ಬಾಗಿಲಿನ ಕಡೆ ನೋಡಿದಳು. ಹೊರಗೆ ಅವಳ ಮಗ ಫೋನನ್ನು ಇನ್ನೂ ಕಿವಿಗೆ ಹಿಡಿದು, ಒಂದು ಮಾತೂ ಆಡದೆ, ಬೆನ್ನು ಹಾಕಿ ನಿಂತಿದ್ದ. ಅಷ್ಟರಲ್ಲಿ ರೇಷ್ಮಾ ಮೇಜು ಒರೆಸುತ್ತಾ ಬಂದು, "ಹ್ಯಾಂಗೈತ್ರಿ ಅಜ್ಜಿ?" ಎಂದಳು.

"ಚಲೋ ಐತವಾ," ಎಂದಳು ವೀರವ್ವ.

ಆ ಹುಡುಗಿ ಆಚೆಯ ಮೇಜಿಗೆ ಹೋದಳು. ಆಮೇಲೆ ವೀರವ್ವ ಮತ್ತೆ ಚಮಚ ತುಂಬಿದಳು.

"ಬ್ಯಾಡ್ರಿ ಅತ್ತಿ. ಇನ್ನ ಯಾರಿಗಂತ ತಿನ್ಲಿ?"

"ನಿನಗಂತ ತಿನ್ನು. ನಾಳಿಗೆ ಕಸುವು ಬೇಕು ನನ್ನವ್ವಾ. ಅದು ಎಷ್ಟ ಬೇಕು ಅಂತ ನನಗ ಗೊತ್ತೈತಿ."

ಸುಧಾರಾಣಿ ಬಾಯಿ ತೆರೆದಳು. ಮಾವು ಯಾವುದು, ನೇರಳೆ ಯಾವುದು, ನಾಲಿಗೆಗೆ ತಿಳಿಯಲಿಲ್ಲ. ಎಲ್ಲ ಕರಗಿ ಒಂದೇ ಬಣ್ಣದ ನೀರಾಗಿತ್ತು. ವೀರವ್ವ ಬಟ್ಟಲಿನ ತಳ ಗೀಚಿ ಗೀಚಿ ಉಣಿಸಿದಳು, ಒಂದು ಹನಿಯನ್ನೂ ಬಿಡಲಿಲ್ಲ.