ಬಲಗಿವಿ

"ತಲೆ ಅಲ್ಲಾಡಿಸ್ಬೇಡ" ಎಂದು ಗದರಿ, ಶಾಂತಕುಮಾರಿ ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆಯನ್ನು ದೇವೇಂದ್ರನ ಎಡಗಿವಿಗೆ ಬಿಟ್ಟರು. ಚಾಪೆಯ ಮೇಲೆ ಮಗ್ಗುಲಾಗಿ ಮಲಗಿದ್ದ ಅವನ ಬಲಗಿವಿ ದಿಂಬಿಗೆ ಒತ್ತಿಕೊಂಡಿತ್ತು. ಎಣ್ಣೆ ಬೆಚ್ಚಗೆ ಒಳಗಿಳಿದದ್ದು ತಿಳಿಯಿತು. ಆಮೇಲೆ ಅವರು ಏನೋ ಹೇಳಿದರು. ತುಟಿ ಆಡಿದ್ದಷ್ಟೇ ಕಂಡಿತು. ಅವನು ಎದ್ದು ಕೂತ.

"ಎಂಥ ಅಂದ್ರಿ ಅಮ್ಮ?"

"ಮಲ್ಲೇಶ ಹೊಡೆದದ್ದಾ ಅಂದೆ."

"ಇಲ್ಲ, ಅಂಗ್ಡೀಲಿ ಏಣಿಯಿಂದ ಬಿದ್ದೆ. ಪೇಂಟ್ ಡಬ್ಬ ಇಳಿಸ್ತಿದ್ದೆ."

ಡಾಕ್ಟರಿಗೂ ಅವನು ಇದನ್ನೇ ಹೇಳಿದ್ದ. ಅವರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿ, ಏಣಿಯಿಂದ ಬಿದ್ದರೆ ತಮಟೆ ಹೀಗೆ ಹರಿಯುವುದಿಲ್ಲ, ಯಾರು ಹೊಡೆದರು ಎಂದು ಕೇಳಿದಾಗಲೂ ಏಣಿ ಎಂದೇ ಸಾಧಿಸಿದ್ದ. ಹೊಡೆದವರ ಹೆಸರು ಹೇಳಿದರೆ ಅವರು ತನಗೆ ಏನಾಗಬೇಕು ಎಂದೂ ಹೇಳಬೇಕಾಗುತ್ತಿತ್ತು.

ಮೂಡಿಗೆರೆ ಪೇಟೆಯ ಮಟ್ಟಿಗೆ ದೇವೇಂದ್ರ ಮಲ್ಲೇಶಣ್ಣನ ಹಾರ್ಡ್‌ವೇರ್ ಅಂಗಡಿಯ ನಂಬಿಕಸ್ಥ ಆಳು. ಮಲ್ಲಂದೂರಿನ ಎಸ್ಟೇಟೊಂದರ ಕೂಲಿಲೈನಿನಲ್ಲಿ ಹುಟ್ಟಿ, ಪಿಯುಸಿ ಮುಗಿಸಿ ಕೆಲಸಕ್ಕೆ ಬಂದವನು ಅಂಗಡಿಯ ಮೇಲಿನ ಮನೆಯಲ್ಲೇ ಉಳಿದುಕೊಂಡಿದ್ದ. ಮಲ್ಲೇಶನೂ ಅಲ್ಲೇ ಇರುತ್ತಿದ್ದ. ತಾಯಿ ಶಾಂತಕುಮಾರಿ ಹಿಂದಿನ ಬೀದಿಯ ಹಳೇ ಮನೆಯಲ್ಲಿದ್ದರು. ಇಬ್ಬರು ಗಂಡಸರು ಒಂದು ಮನೆಯಲ್ಲಿದ್ದರೆ ಯಾರೂ ಏನೂ ಕೇಳುವುದಿಲ್ಲ. ಕೇಳದೇ ಇದ್ದದ್ದು ಮೊದಮೊದಲು ದೊಡ್ಡ ಅದೃಷ್ಟದಂತೆ ಕಂಡಿತ್ತು. ದೇವೇಂದ್ರನಿಗೆ ಕಾಮಾಲೆಯಾದಾಗ ಮಲ್ಲೇಶನೇ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕಲಸಿ ಕುಡಿಸಿದ್ದ. ರಾತ್ರಿಯೆಲ್ಲ ತೊಡೆಯ ಮೇಲೆ ಅವನ ತಲೆ ಇಟ್ಟುಕೊಂಡು ಕೂತಿದ್ದ. ಅಷ್ಟು ಹೊತ್ತು ತನಗಾಗಿ ಯಾರೂ ಎಚ್ಚರ ಇದ್ದದ್ದು ದೇವೇಂದ್ರನಿಗೆ ನೆನಪಿರಲಿಲ್ಲ.

ಆ ಒಂದು ರಾತ್ರಿಯನ್ನು ನೆಚ್ಚಿಕೊಂಡು ಅವನು ಉಳಿದದ್ದನ್ನೆಲ್ಲ ಸಹಿಸಿದ. ಎಲ್ಲಿದ್ದೀಯ, ಯಾರ ಜೊತೆ ನಿಂತಿದ್ದೀಯ, ಆ ಗಿರಾಕಿ ಹತ್ತಿರ ನಗೋ ಅಂಥದ್ದು ಏನಿತ್ತು ಎಂದು ಫೋನು ಬರುತ್ತಲೇ ಇರುತ್ತಿತ್ತು. ಉತ್ತರ ತಡವಾದರೆ ಏಟು. ಏಟಿನ ಮರುದಿನ ಮಲ್ಲೇಶ ಅಳುತ್ತಿದ್ದ. ಆ ಅಳು ಸುಳ್ಳಾಗಿರಲಿಲ್ಲ. ಅದೇ ಕಷ್ಟವಾಗಿತ್ತು.

ಶಾಂತಕುಮಾರಿ ಎಣ್ಣೆಯ ಬಟ್ಟಲು ಕೆಳಗಿಟ್ಟು ಸೆರಗಿನಿಂದ ಕೈ ಒರೆಸಿಕೊಂಡರು. ಎಡಗಡೆಯ ಕೂದಲು ಹಿಂದಕ್ಕೆ ಸರಿಸಿ ತಮ್ಮ ಕಿವಿ ತೋರಿಸಿದರು.

"ನಂಗೂ ಈ ಕಿವಿ ಕೇಳಲ್ಲ. ಇಷ್ಟು ವರ್ಷ ಮನೆಗೆ ಬಂದು ಹೋಗಿ ಮಾಡ್ತಿ, ನೀ ಗಮನಿಸಿಲ್ಲ. ಮಲ್ಲೇಶಂಗೂ ಗೊತ್ತಿಲ್ಲ. ಅವ್ರಪ್ಪಂಗೆ ಗೊತ್ತಿತ್ತು."

ಗೋಡೆಯ ಮೇಲೆ ವಿಭೂತಿ ಹಚ್ಚಿಕೊಂಡ ಅವರ ಗಂಡ ಏಕಾಂತಪ್ಪನವರ ಫೋಟೋಕ್ಕೆ ಹೊಸ ಹಾರ ಹಾಕಿತ್ತು. ದೇವೇಂದ್ರ ಆ ಕಡೆ ನೋಡಲಿಲ್ಲ.

"ನಂಗೆ ಹೋಗೋಕೆ ಜಾಗ ಇರ್ಲಿಲ್ಲ" ಎಂದರು ಶಾಂತಕುಮಾರಿ. "ಮಲ್ಲೇಶ ಹೊಟ್ಟೇಲಿದ್ದ. ನಿಂಗೆ ಎಂಥ ಇದೆ? ಕಳಸದಲ್ಲಿ ವಿಮಲ ಮೆಸ್ ನಡೆಸ್ತಾಳೆ. ಮೊದ್ಲು ನಮ್ಮ ಪಕ್ಕದ ಮನೇಲಿದ್ದೋಳು. ಅಡಿಗೆಗೆ ಜನ ಬೇಕಂತೆ, ನಾ ಹೇಳಿದ್ದೀನಿ. ಅವ್ನು ಹಾಸನಕ್ಕೆ ಹೋಗಿದ್ದಾನೆ, ಬರೋದು ಸಂಜೆ. ಎದ್ದು ಹೋಗು."

"ಅಮ್ಮ, ನಿಮಗೆ..."

"ಅವ್ನು ನನ್ನ ಮಗ. ಅವ್ನಿಗೆ ಊಟ ಹಾಕ್ದೆ ಇರೋಕೆ ನನ್ನಿಂದ ಆಗಲ್ಲ. ಇಷ್ಟಾದ್ರೂ ಮಾಡ್ತೀನಿ. ಹೋಗು ಮಗ."

ತಮಗೆ ಏನೇನು ಗೊತ್ತು ಎಂದು ಅವರು ಹೇಳಲಿಲ್ಲ. ಅವನೂ ಕೇಳಲಿಲ್ಲ. ಬಟ್ಟೆ ತುಂಬಿದ ಚೀಲ ಹಿಡಿದು ಅವನು ಕಳಸದ ಬಸ್ಸು ಹತ್ತಿದ. ಬಣಕಲ್ ಹತ್ತಿರ ಬರುವಾಗ ಫೋನು ಬಡಿದುಕೊಳ್ಳತೊಡಗಿತು. ಕೊಟ್ಟಿಗೆಹಾರ ದಾಟಿದ ಮೇಲೆ ಸಿಗ್ನಲ್ ಹೋಯಿತು.

ಕಳಸದಲ್ಲಿ ಕೆಲಸಕ್ಕೆ ಬರವಿರಲಿಲ್ಲ. ಬೆಳಿಗ್ಗೆ ಕಡುಬು, ಮಧ್ಯಾಹ್ನ ಊಟ, ಸಂಜೆಗೆ ಜೀಪಿನ ಡ್ರೈವರುಗಳಿಗೆ ಚಹಾ. ವಿಮಲಮ್ಮ ಬಾಯಿ ಜೋರಿನ, ಮನಸ್ಸು ದೊಡ್ಡದಿದ್ದ ಹೆಂಗಸು. ಪಾತ್ರೆ ತೊಳೆದು ಬೋರಲು ಹಾಕಿ, ಮೆಸ್ಸಿನ ಹಿಂದಿನ ಕೋಣೆಗೆ ಹೋದ ಮೇಲೆ ಕಷ್ಟ ಶುರುವಾಗುತ್ತಿತ್ತು. ಹೊಸ ನಂಬರಿನ ಫೋನು ಸುಮ್ಮನೆ ಬಿದ್ದಿರುತ್ತಿತ್ತು. ಮಲ್ಲಂದೂರಿನ ಅಣ್ಣನಿಗೆ ಫೋನ್ ಮಾಡಿದ. "ಅಷ್ಟು ಒಳ್ಳೇ ಸಾಹುಕಾರ್ರ ಹತ್ರ ಕೆಲ್ಸ ಬಿಟ್ಯಲ್ಲ, ನಿಂಗೆ ತಲೆ ಸರಿ ಉಂಟಾ?" ಎಂದು ಅವನು ಬೈದು ಇಟ್ಟುಬಿಟ್ಟ. ಎಲ್ಲಿದ್ದೀಯ ಎಂದು ಕೇಳುವವರೇ ಇಲ್ಲದಾಗ ತಾನು ಎಲ್ಲಿಯೂ ಇಲ್ಲವೇನೋ ಅನ್ನಿಸುತ್ತಿತ್ತು. ಎಷ್ಟೋ ಸಲ ಮಲ್ಲೇಶನ ನಂಬರನ್ನು ಒತ್ತಿ, ಕೊನೆಯ ಅಂಕಿಗೆ ಬೆರಳು ತಂದು, ಅಳಿಸಿಬಿಡುತ್ತಿದ್ದ. ಹೊಡೆದ ಕೈಯ ಮೇಲೆಯೇ ಆಸೆ ಬರುತ್ತದಲ್ಲ ಎಂದು ತನ್ನ ಮೇಲೆ ತನಗೇ ಅಸಹ್ಯವಾಗುತ್ತಿತ್ತು.

ಎದುರುಗಡೆ ಬಾಲರಾಜನ ರಿಪೇರಿ ಅಂಗಡಿ. ತೋಟದವರು ಕಳೆ ಹೊಡೆಯುವ ಮಿಷನ್ನು, ಔಷಧಿ ಸಿಂಪಡಿಸುವ ಪಂಪು ತಂದು ಅಲ್ಲಿ ರಾಶಿ ಹಾಕುತ್ತಿದ್ದರು. ಗೋಣಿಬೀಡಿನ ಕಡೆಯವನು, ವಯಸ್ಸು ನಲವತ್ತರ ಹತ್ತಿರ, ಮದುವೆಯಾಗಿಲ್ಲ. ದಿನಾ ಜನ ಖಾಲಿಯಾದ ಮೇಲೆ ಊಟಕ್ಕೆ ಬರುತ್ತಿದ್ದ. ಸೋಪಿನ ಪುಡಿ ಹಾಕಿ ಉಜ್ಜಿದರೂ ಉಗುರಿನ ಸಂದಿಯ ಕಪ್ಪು ಹೋಗುತ್ತಿರಲಿಲ್ಲ. ಮಾತು ಕಡಿಮೆ. ಅನ್ನ ಬಡಿಸುವಾಗ ಬಾಲರಾಜ ತನ್ನ ಎಡಗಿವಿಯ ಕಡೆಗಿದ್ದರೆ ದೇವೇಂದ್ರ ಅವನ ಮಾತು ಕೇಳಿಸದೆ ಸಾಂಬಾರಿನ ಬದಲು ಮಜ್ಜಿಗೆ ತಂದುಬಿಡುತ್ತಿದ್ದ. ಹೀಗೆ ಒಂದೆರಡು ಸಲ ಆಯಿತು. ಆಮೇಲೆ ಬಾಲರಾಜ ಯಾವಾಗಲೂ ಮೂಲೆಯ ಬೆಂಚು ಬಿಟ್ಟು ಗೋಡೆಯ ಕಡೆಗೆ ಕೂರತೊಡಗಿದ. ಅಲ್ಲಿ ಕೂತರೆ ಬಡಿಸುವವನ ಬಲಗಿವಿ ಅವನ ಕಡೆಗಿರುತ್ತಿತ್ತು. ದೇವೇಂದ್ರನಿಗೆ ಇದು ಹೊಳೆಯಲು ಬಹಳ ದಿನ ಹಿಡಿಯಿತು. ಹೊಳೆದ ದಿನ ಅವನು ಒಲೆಯ ಮುಂದೆ ಸುಮ್ಮನೆ ನಿಂತುಬಿಟ್ಟ. "ಸಾರು ಉಕ್ಕಿ ಹೋಗ್ತಿದೆ, ಎಲ್ಲಿದೆ ಧ್ಯಾನ?" ಎಂದು ವಿಮಲಮ್ಮ ಕೂಗಬೇಕಾಯಿತು.

ಒಂದು ಭಾನುವಾರ ಮೆಸ್ಸಿಗೆ ರಜೆ. ಬಾಲರಾಜ ಬಾಗಿಲ ಬಳಿ ಬಂದು, "ದಿನಾ ನೀವೇ ಬಡಿಸ್ತೀರಿ. ಇವತ್ತು ನಮ್ಮನೆಗೆ ಬನ್ನಿ, ನೀವು ಕೂರಿ, ನಾ ಮಾಡಿ ಹಾಕ್ತೀನಿ" ಎಂದ. ಅವನ ಮನೆ ಏರಿನ ಮೇಲೆ. ದೇವೇಂದ್ರ ಹೊಸಿಲು ದಾಟುವ ಮೊದಲೇ, "ಲೇಟಾಯ್ತು. ಬರೋ ದಾರೀಲಿ ಔಷಧಿ ಅಂಗ್ಡಿಯವ್ರು ಸಿಕ್ಕಿದ್ರು, ಎರಡು ಮಾತಾಡ್ದೆ ಅಷ್ಟೇ, ಬೇರೆ ಯಾರೂ ಸಿಕ್ಕಿಲ್ಲ" ಎಂದ.

ಬಾಲರಾಜ ಅಕ್ಕಿ ಹಿಟ್ಟಿನ ಕೈಯಲ್ಲೇ ತಿರುಗಿ ನೋಡಿದ. "ನಾ ಕೇಳಿಲ್ವಲ್ಲ ಮಾರಾಯ್ರೆ."

ರೊಟ್ಟಿ ಅಂಚಿನಲ್ಲಿ ಸೀದಿತ್ತು, ಒಣಮೀನಿನ ಚಟ್ನಿಗೆ ಉಪ್ಪು ಜಾಸ್ತಿಯಾಗಿತ್ತು. ದೇವೇಂದ್ರ ಮೂರನೇ ರೊಟ್ಟಿಯನ್ನೂ ಹಾಕಿಸಿಕೊಂಡ. ತಿನ್ನುತ್ತಲೇ ಕೇಳಿದ: "ಯಾಕೆ ಕೇಳಲ್ಲ? ಎಲ್ಲಿಂದ ಬಂದೆ, ಕಿವಿಗೆ ಎಂಥ ಆಯ್ತು, ಒಂದೂ ಕೇಳಲ್ಲ ನೀವು. ಬೇಡ್ವಾ ನಿಮಗೆ?"

"ಬೇಕು. ಹೇಳ್ಬೇಕು ಅನ್ಸಿದ್ರೆ ನೀವೇ ಹೇಳ್ತೀರಿ ಅಂತ ಸುಮ್ನಿದ್ದೆ." ಬಾಲರಾಜ ತಟ್ಟೆ ಪಕ್ಕಕ್ಕೆ ಸರಿಸಿದ. "ನಂದು ಹೇಳ್ಲಾ? ನಂಗೂ ಒಬ್ಬ ಇದ್ದ. ಈಗ ಸಕಲೇಶಪುರದಲ್ಲಿ ಹೆಂಡ್ತಿ ಮಕ್ಳ ಜೊತೆ ಚೆನ್ನಾಗಿದ್ದಾನೆ. ದೀಪಾವಳಿಗೆ ಫೋನ್ ಮಾಡ್ತಾನೆ. ಅಷ್ಟೇ ನನ್ನ ಕಥೆ."

ಆಗ ದೇವೇಂದ್ರ ಹೇಳಿದ. ನೆಲನೆಲ್ಲಿಯಿಂದ ಹಿಡಿದು ಎಣ್ಣೆಯವರೆಗೂ ಹೇಳಿದ. ಹೇಳಿ ಮುಗಿಸುವ ಹೊತ್ತಿಗೆ ಕೈ ಒಣಗಿ ಚಟ್ನಿ ಬೆರಳಿಗೆ ಅಂಟಿತ್ತು.

"ಮುಟ್ಲಾ?" ಎಂದ ಬಾಲರಾಜ.

ಕೈ ಹತ್ತಿರ ಬರುತ್ತಲೇ ದೇವೇಂದ್ರನ ತಲೆ ತಾನಾಗಿ ಹಿಂದಕ್ಕೆ ಸರಿಯಿತು. ಬಾಲರಾಜ ಕೈ ಇಳಿಸಿ ತನ್ನ ಮಡಿಲಲ್ಲಿಟ್ಟುಕೊಂಡ, ಬೇಸರಪಡಲಿಲ್ಲ. ಹೊರಗೆ ಯಾರದೋ ಜೀಪು ಏರು ಹತ್ತಲಾರದೆ ಏದುಸಿರು ಬಿಡುತ್ತಿತ್ತು. ಅದು ಹತ್ತಿಹೋದ ಮೇಲೆ ದೇವೇಂದ್ರನೇ ಆ ಕೈಯನ್ನು ಎತ್ತಿ ತನ್ನ ಕೆನ್ನೆಗೆ ಒತ್ತಿಕೊಂಡ. ಪೆಟ್ರೋಲಿನ ವಾಸನೆ ಬಂತು.

ಮಲ್ಲೇಶ ಬಂದದ್ದು ಸುಗ್ಗಿ ಮುಗಿದ ಮೇಲೆ, ಮಧ್ಯಾಹ್ನ, ಮೆಸ್ಸು ತುಂಬಿದ್ದಾಗ. ಗಡ್ಡ ಬಿಟ್ಟಿದ್ದ, ಇಳಿದುಹೋಗಿದ್ದ. ಬೆಂಚಿನ ತುದಿಗೆ ಕೂತು ಮೆಲ್ಲಗೆ, "ಅಮ್ಮಂಗೆ ಸ್ಟ್ರೋಕ್ ಆಗಿದೆ ದೇವು. ಆಸ್ಪತ್ರೇಲಿದ್ದಾಳೆ. ಅವ್ಳ ಫೋನಲ್ಲಿ ಈ ಮೆಸ್ಸಿನ ನಂಬರ್ ಸಿಕ್ತು. ನಿನ್ನೇ ಕೇಳ್ತಾಳೆ. ಕಾರ್ ತಂದಿದ್ದೀನಿ, ಬಾ" ಎಂದ. ಕಣ್ಣು ತುಂಬಿತ್ತು.

ದೇವು ಎಂಬ ಹೆಸರು ಕಿವಿಗೆ ಬಿದ್ದೊಡನೆ ದೇವೇಂದ್ರನ ಒಳಗೆ ಏನೋ ಸಡಿಲಾಯಿತು. ಇಷ್ಟು ದೂರ ಹುಡುಕಿಕೊಂಡು ಬಂದಿದ್ದಾನೆ. ಅವನು ಹೆಗಲ ಟವೆಲ್ಲು ತೆಗೆದಿಟ್ಟು, "ಒಂದ್ ನಿಮಿಷ" ಎಂದು ರಸ್ತೆ ದಾಟಿದ.

ಬಾಲರಾಜ ಮಿಷನ್ನಿನ ಕಾರ್ಬೊರೇಟರ್ ಬಿಚ್ಚಿಟ್ಟುಕೊಂಡಿದ್ದ. ಎಲ್ಲ ಕೇಳಿಸಿಕೊಂಡು, "ಹೋಗ್ಬೇಕು ಅನ್ಸುತ್ತಾ?" ಎಂದ.

"ಅಮ್ಮನ್ನ ನೋಡ್ಬೇಕು."

"ಅಮ್ಮನ್ನ ನೋಡೋಕೆ ಅವನ ಕಾರೇ ಆಗ್ಬೇಕಾ?"

ದೇವೇಂದ್ರ ಮೆಸ್ಸಿನ ಮುಂದೆ ನಿಂತಿದ್ದ ಕಾರಿನ ಕಡೆ ತಿರುಗಿ ನೋಡಿದ.

"ನನ್ನ ಬೈಕ್ ಉಂಟು. ನಾ ಬರ್ಬೇಕಾದ್ರೆ ಬರ್ತೀನಿ. ಬೇಡ ಅಂದ್ರೆ ಕೀ ತಗೊಂಡು ಹೋಗು" ಎಂದ ಬಾಲರಾಜ. ಅವನ ಬಾಯಲ್ಲಿ ಮೊದಲ ಸಲ ಬಹುವಚನ ಬಿಟ್ಟುಹೋಗಿತ್ತು.

ದೇವೇಂದ್ರ ವಾಪಸ್ಸು ರಸ್ತೆ ದಾಟಿ ಬಂದ. "ನೀವು ಮುಂದೆ ಹೋಗಿ. ನಾನು ನನ್ನ ಪಾಡಿಗೆ ಬರ್ತೀನಿ."

ನೀವು ಎಂದದ್ದಕ್ಕೆ ಮಲ್ಲೇಶ ಬೆಚ್ಚಿದ. ದೇವೇಂದ್ರನ ಮಣಿಕಟ್ಟು ಹಿಡಿದು ರಸ್ತೆಯಾಚೆ ನೋಡಿದ. "ಯಾರವ್ನು?"

ಉತ್ತರ ದೇವೇಂದ್ರನ ನಾಲಗೆಯ ತುದಿಗೆ ಬಂದಿತ್ತು. ಬರೀ ಗುರುತು, ಊಟಕ್ಕೆ ಬರ್ತಾರೆ, ಅಷ್ಟೇ. ಅದನ್ನು ನುಂಗಿಕೊಂಡ.

"ಮಲ್ಲಂದೂರಿಗೆ ಹೋಗಿ ನಿಮ್ಮಣ್ಣಂಗೆ ಎಲ್ಲ ಹೇಳ್ತೀನಿ" ಎಂದ ಮಲ್ಲೇಶ.

"ಹೇಳಿ. ಹೇಳುವಾಗ ನಿಮ್ಮ ಹೆಸ್ರೂ ಬರುತ್ತಲ್ಲ."

ವಿಮಲಮ್ಮ ಸೌಟು ಹಿಡಿದುಕೊಂಡೇ ಒಳಗಿನಿಂದ ಬಂದರು. ಉಣ್ಣುತ್ತಿದ್ದವರು ತಲೆ ಎತ್ತಿದರು. ಮಲ್ಲೇಶ ಕೈ ಬಿಟ್ಟ. ದೇವೇಂದ್ರ ರಸ್ತೆ ದಾಟಿ ಬೈಕಿನ ಕಡೆಗೆ ನಡೆದ.

ಮೂಡಿಗೆರೆ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಶಾಂತಕುಮಾರಿಯ ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು. ಅವನನ್ನು ಕಂಡು ಸಿಟ್ಟಾದರು. "ಯಾಕೆ... ಬಂದೆ?" ಎಂದು ತೊದಲಿದರು.

"ನೀವು ಕೇಳಿದ್ರಂತೆ..."

ಅವರು ಇಲ್ಲವೆಂದು ತಲೆ ಆಡಿಸಿದರು. ಅವನು ಅವರ ಬಲಗಡೆಗೆ ಸ್ಟೂಲು ಎಳೆದುಕೊಂಡು ಕೂತು, ಕಿವಿಯ ಹತ್ತಿರ ಬಾಗಿ ಹೇಳಿದ: "ನಿಮ್ಮ ಮಗನ ಕಾರಲ್ಲಿ ಬಂದಿಲ್ಲ ಅಮ್ಮ."

ಶಾಂತಕುಮಾರಿ ಕಣ್ಣು ಹೊರಳಿಸಿದರು. ಬಾಗಿಲ ಹೊರಗೆ ಎರಡು ಹೆಲ್ಮೆಟ್ ಹಿಡಿದುಕೊಂಡು, ಒಳಗೆ ಬರಬಹುದೋ ಬಾರದೋ ತಿಳಿಯದೆ ಬಾಲರಾಜ ನಿಂತಿದ್ದ. ಅವರು ಅವನನ್ನು ಬಹಳ ಹೊತ್ತು ನೋಡಿದರು. ಎಳೆದುಕೊಂಡ ಬಾಯಿಯಿಂದ ಒಂದೊಂದೇ ಅಕ್ಷರ ಕೂಡಿಸಿದರು.

"ಅವ್ನಿಗೆ... ಊಟ... ಆಯ್ತಾ?"

ದೇವೇಂದ್ರ ಅವರ ಕೈ ಹಿಡಿದುಕೊಂಡು ತಲೆ ತಗ್ಗಿಸಿದ. ನರ್ಸು ಹೊತ್ತಾಯಿತು ಎನ್ನುವವರೆಗೂ ಕೂತಿದ್ದ. ಇನ್ನು ಇವರಿಗೆ ಗಂಜಿ ಕುಡಿಸುವವರು ಯಾರು, ಎದ್ದು ಬಂದವನಿಗೆ ಹೀಗೆ ಕೇಳುವ ಹಕ್ಕಾದರೂ ಎಲ್ಲಿದೆ ಎಂದು ಮೆಟ್ಟಿಲಿಳಿಯುವಾಗ ಅವನಿಗೆ ಅನ್ನಿಸಿತು. ಕೆಳಗೆ ಕಾರಿಗೊರಗಿ ಮಲ್ಲೇಶ ನಿಂತಿದ್ದ. ಇಬ್ಬರೂ ಅವನನ್ನು ದಾಟಿ ಬೈಕಿನ ಹತ್ತಿರ ಹೋದರು.

ಕೊಟ್ಟಿಗೆಹಾರಕ್ಕೆ ಬರುವಷ್ಟರಲ್ಲಿ ಮಂಜು ರಸ್ತೆಯನ್ನು ತುಂಬಿತ್ತು. ಬಾಲರಾಜ ಬೈಕನ್ನು ಮುಚ್ಚಿದ ಅಂಗಡಿಯೊಂದರ ಮುಂದೆ ನಿಲ್ಲಿಸಿ, ಎಂಜಿನ್ ಆರಿಸಿ, "ಸ್ವಲ್ಪ ತಿಳಿಯಾಗ್ಲಿ" ಎಂದ. ಇಬ್ಬರೂ ಇಳಿಯಲಿಲ್ಲ. ದೇವೇಂದ್ರನ ಬೆರಳು ಮರಗಟ್ಟಿದ್ದವು. ಅವನು ಮುಂದಿದ್ದವನ ಜಾಕೆಟ್ಟಿನ ಜೇಬಿಗೆ ಕೈ ತೂರಿಸಿದ. ಅಲ್ಲಿ ಕಡಲೆಕಾಯಿಯ ಸಿಪ್ಪೆಗಳಿದ್ದವು, ತಣ್ಣಗಿನ ಒಂದು ನಟ್ಟು ಇತ್ತು. ಅದು ಬೆಚ್ಚಗಾಗುವವರೆಗೂ ಬೆರಳಲ್ಲಿ ತಿರುಗಿಸುತ್ತ ಕೂತ. ಮಂಜಿನೊಳಗಿಂದ ಬಸ್ಸೊಂದು ಹಳದಿ ದೀಪ ಹೊತ್ತುಕೊಂಡು ನಿಧಾನವಾಗಿ ಬಂದು, ಅವರ ಪಕ್ಕದಲ್ಲೇ ಹಾದು, ಮತ್ತೆ ಆ ಬಿಳುಪಿನೊಳಗೆ ಮರೆಯಾಯಿತು.