ಮೇಲಿನ ಓಣಿಯ ಗಡಿಗೆ

ಸಿದ್ದಲಿಂಗವ್ವನ ಹಿಟ್ಟಿನ ಗಿರಣಿ ಸದ್ದು ಮಾಡಿತೆಂದರೆ ಮೇಲಿನ ಓಣಿಗೆ ಬೆಳಗಾಯಿತೆಂದೇ ಲೆಕ್ಕ. ಯರಗಟ್ಟಿಯಿಂದ ಸವದತ್ತಿಗೆ ಹೋಗುವ ರಸ್ತೆ ಬಿಟ್ಟು ತುಸು ಒಳಗಿರುವ ಊರದು. ಗಂಡ ತೀರಿಕೊಂಡ ಮೇಲೆ ಗಿರಣಿಯನ್ನು ಅವಳೇ ನಡೆಸಿಕೊಂಡು ಬಂದಿದ್ದಳು. ಯಾರ ಮನೆಗೆ ಬೀಗರು ಬಂದಿದ್ದಾರೆ, ಯಾರ ಮನೆಯಲ್ಲಿ ಗೋಧಿ ತೀರಿ ಬರೀ ಜೋಳದ ಮೇಲೆ ನಡೆದಿದೆ ಎಂಬುದೆಲ್ಲ ಡಬ್ಬಿಯ ಮುಚ್ಚಳ ತೆಗೆದರೆ ಅವಳಿಗೆ ತಿಳಿಯುತ್ತಿತ್ತು. ತಿಳಿದದ್ದನ್ನು ಇನ್ನೊಬ್ಬರ ಕಿವಿಗೆ ಹಾಕುವವಳಲ್ಲ. ಅದಕ್ಕೇ ಹೆಣ್ಣುಮಕ್ಕಳು ಅಲ್ಲಿ ಕಾಳಿನ ಜೊತೆ ಮನಸ್ಸನ್ನೂ ಬಿಚ್ಚುತ್ತಿದ್ದರು.

ಅವಳ ಮನಸ್ಸಿನಲ್ಲಿ ಇದ್ದದ್ದು ಮಾತ್ರ ಒಂದೇ. ಪಂಚಾಯ್ತಿ ಚುನಾವಣೆಯಲ್ಲಿ ತಮ್ಮ ವಾರ್ಡಿನ ಹೆಣ್ಣುಮಕ್ಕಳ ಸೀಟಿಗೆ ತಾನು ನಿಲ್ಲಬೇಕು. ಗಿರಣಿಯ ಮುಂದಿನ ಗಟಾರ ಪ್ರತಿ ಮಳೆಗಾಲ ತುಂಬಿ ಓಣಿಯ ತುಂಬ ಹರಿಯುತ್ತಿತ್ತು. ಗೆದ್ದು ಹೋದ ಗಂಡಸರು ಅದನ್ನು ದಾಟಿಕೊಂಡೇ ಹೋಗಿ ದಾಟಿಕೊಂಡೇ ಬರುತ್ತಿದ್ದರು. ಒಬ್ಬರಿಗೂ ಅದು ಕಂಡಿರಲಿಲ್ಲ.

ಆದರೆ ಸರಕಾರದ ಚುನಾವಣೆಗಿಂತ ಮೊದಲು ಓಣಿಯ ಚುನಾವಣೆ ಗೆಲ್ಲಬೇಕಿತ್ತು. ವಾರ್ಡಿನಲ್ಲಿ ಇದ್ದದ್ದು ಎರಡೇ ಓಣಿ. ಕೆಳಗಿನ ಓಣಿಯವರು ಯಾವಾಗಲೂ ಒಬ್ಬರನ್ನೇ ನಿಲ್ಲಿಸುವವರು. ಮೇಲಿನ ಓಣಿಯಿಂದ ಇಬ್ಬರು ನಿಂತರೆ ಮತ ಒಡೆದು ಕೆಳಗಿನವರು ನಗುತ್ತ ಗೆದ್ದುಬಿಡುತ್ತಿದ್ದರು. ಅದಕ್ಕಾಗಿ ನಾಮಪತ್ರ ಕೊಡುವ ಮೊದಲೇ ಓಣಿಯವರು ಕೂಡಿ, ತಮ್ಮೊಳಗೆ ಯಾರು ನಿಲ್ಲಬೇಕೆಂದು ಆರಿಸಿಬಿಡುವ ರೂಢಿ. ಸೋತವರು ಸುಮ್ಮನೆ ಗೆದ್ದವರ ಹಿಂದೆ ಓಡಾಡಬೇಕು.

ಈ ಆರಿಸುವ ರೀತಿಯೂ ಮೊದಲಿನಿಂದ ಒಂದೇ ಆಗಿರಲಿಲ್ಲ. ಅವಳ ಅತ್ತೆಯ ಕಾಲಕ್ಕೆ ಓಣಿಯ ಹಿರಿಯ ಕೋಲು ತೋರಿಸಿ "ಇಂವ" ಅಂದರೆ ಮುಗಿಯಿತು. ಆಮೇಲೆ ಹುಡುಗರು ತಕರಾರು ತೆಗೆದು, ಹಿಂದೆ ಕೂಡುವ ಪದ್ಧತಿ ಬಂತು. ನಿಲ್ಲಬೇಕೆನ್ನುವವರು ಸಮುದಾಯ ಭವನದ ಜಮಖಾನೆಯ ಮೇಲೆ ಮುಂದೆ ಕೂಡುವುದು, ಉಳಿದವರು ತಮಗೆ ಬೇಕಾದವರ ಬೆನ್ನ ಹಿಂದೆ ಹೋಗಿ ಕೂಡುವುದು. ಯಾರ ಹಿಂದೆ ಸಾಲು ಉದ್ದವೋ ಅವರು ಗೆದ್ದರು. ಖರ್ಚಿಲ್ಲ, ಕಾಗದವಿಲ್ಲ. ಆದರೆ ಯಾರು ಎಲ್ಲಿ ಕೂತರೆಂದು ಎಲ್ಲರಿಗೂ ಕಾಣುತ್ತಿತ್ತು. ಗಂಡ ಕೂತಲ್ಲಿ ಹೆಂಡತಿ ಕೂಡಬೇಕು. ಬಿತ್ತಿಗೆಗೆ ಓಣಿಯ ಈಗಿನ ಹಿರಿಯ ನಿಜಗುಣಪ್ಪನ ಟ್ರ್ಯಾಕ್ಟರ್ ಬೇಕಾದವರು ನಿಜಗುಣಪ್ಪನಿಗೆ ಸರಿ ಕಾಣುವಲ್ಲಿ ಕೂಡಬೇಕು. ಓಣಿಯ ತುದಿಯಲ್ಲಿ ಕೂಲಿ ಮಾಡಿಕೊಂಡಿದ್ದ ಶಂಕ್ರೆಪ್ಪನ ಕಡೆಯ ನಾಲ್ಕೈದು ಮನೆಗಳವರು ಬಾಗಿಲ ಹತ್ತಿರ ಕೂಡುತ್ತಿದ್ದರು. ಎಣಿಸುವವನ ಬೆರಳು ಅಲ್ಲಿಗೆ ಬಂದಾಗ ಒಬ್ಬೊಬ್ಬರ ಮೇಲೆ ನಿಲ್ಲದೆ "ಮತ್ತ ಆ ಕಡೆ ಒಂದಿಷ್ಟ ಮಂದಿ" ಎಂದು ಸರ್ರನೆ ಹೋಗಿಬಿಡುತ್ತಿತ್ತು.

ಕಳೆದ ಚುನಾವಣೆಯಲ್ಲಿ ಸಿದ್ದಲಿಂಗವ್ವ ಹಾಗೆ ಮುಂದೆ ಕೂತಿದ್ದಳು. ಹಿಂದೆ ಸೀರೆಯ ಸರಭರ ಕೇಳಿ ಒಬ್ಬರು ಬಂದರು ಎಂದುಕೊಂಡಳು. ಆಮೇಲೆ ಸಪ್ಪಳವೇ ಇಲ್ಲ. ಬಂದು ಕೂತಿದ್ದವಳು ಶಂಕ್ರೆಪ್ಪನ ಹೆಂಡತಿ ಮರೆವ್ವ. ಕಿವಿಯ ಹತ್ತಿರ ಬಾಗಿ ಅಂದಳು: "ಅಕ್ಕಾರ, ಹಿಂದ ತಿರಿಗಿ ನೋಡಬ್ಯಾಡ್ರಿ. ನಾ ಒಬ್ಬಾಕಿನ ಅದೀನಿ. ಬೇಕಾದ್ರ ನಾಕ ಥರಾ ಕೆಮ್ಮತೇನಿ, ನಾಕ ಮಂದಿ ಇದ್ದಂಗ ಆಕ್ಕೈತಿ."

ಅಷ್ಟು ಅವಮಾನದಲ್ಲೂ ಸಿದ್ದಲಿಂಗವ್ವನಿಗೆ ನಗು ತಡೆಯಲಾಗಿರಲಿಲ್ಲ. ಮರುದಿನ ಗಿರಣಿಗೆ ಬಂದವರೆಲ್ಲ "ಮನಸ ನಿನ್ನ ಕಡೇನ ಇತ್ತವಾ, ಏನ ಮಾಡೂದು" ಎಂದು ಹಿಟ್ಟು ತೆಗೆದುಕೊಂಡು ಹೋದರು.

ಈ ಸಲ ಅವಳು ಮೊದಲೇ ನಿಜಗುಣಪ್ಪನ ಮನೆಗೆ ಹೋದಳು. ಓಣಿಯ ಹಿರಿತನ ಅವನದೇ. ತನ್ನ ಸೊಸೆ ಉಮಾಶ್ರೀಯನ್ನು ನಿಲ್ಲಿಸಬೇಕೆಂದು ಅವನೂ ಮನಸ್ಸು ಮಾಡಿದ್ದ.

"ಅಣ್ಣಾರ, ಈ ಸಲ ಹಿಂದ ಕೂಡೂದು ಬ್ಯಾಡ. ಒಳಗಿನ ಖೋಲ್ಯಾಗ ಗಡಿಗಿ ಇಡೂನು. ಒಬ್ಬೊಬ್ಬರ ಹೋಗಿ ಕಾಳ ಹಾಕಿ ಬರಲಿ. ನನಗ ಕಡ್ಲಿ, ಉಮಾಶ್ರೀಗೆ ಗೋವಿನಜ್ವಾಳ. ಯಾರ ಏನ ಹಾಕಿದ್ರಂತ ಯಾರಿಗೂ ಗೊತ್ತಾಗಬಾರದು."

"ಯಾಕವಾ ತಂಗಿ, ನನ್ನ ಮುಖಾ ನೋಡಿ ಮಂದಿ ಹೆದರತಾರಂತೇನು?"

"ನಿಮ್ಮ ಮುಖಕ್ಕ ಯಾರ ಹೆದರತಾರ್ರಿ? ನಿಮ್ಮ ಟ್ರ್ಯಾಕ್ಟರಿಗೆ ಹೆದರತಾರ."

ನಿಜಗುಣಪ್ಪ ಹೊಟ್ಟೆ ಅಲುಗುವಂತೆ ನಕ್ಕ. ಸಿಟ್ಟಿನ ಮನುಷ್ಯನಲ್ಲ ಅವನು. ಓಣಿ ತನ್ನದೆಂಬ ಧೈರ್ಯವಿತ್ತು. "ಆತ ತೊಗೊ. ಗಡಿಗ್ಯಾಗರ ಹಾಕ್ರಿ, ಬುಟ್ಟ್ಯಾಗರ ಹಾಕ್ರಿ. ಹಿಂದ ಕುಂತ್ರೂ ಅಷ್ಟ, ಕಾಳ ಹಾಕಿದ್ರೂ ಅಷ್ಟ."

ರವಿವಾರ ಬೆಳಿಗ್ಗೆ ಓಣಿ ಸಮುದಾಯ ಭವನದಲ್ಲಿ ಕೂಡಿತು. ಒಳಗಿನ ಖೋಲಿಯಲ್ಲಿ ಒಂದು ಗಡಿಗೆ, ಅದರ ಅಕ್ಕಪಕ್ಕ ಎರಡು ಬುಟ್ಟಿ ಕಾಳು. ಒಬ್ಬೊಬ್ಬರಾಗಿ ಹೋಗಿ ಬಂದರು. ಹೆಣ್ಣುಮಕ್ಕಳು ಹೊರಗೆ ಬರುವಾಗ ಏನೋ ಕದ್ದು ತಿಂದವರಂತೆ ಸೆರಗು ಬಾಯಿಗೆ ಹಿಡಿದುಕೊಂಡಿದ್ದರು. ಕಡೆಗೆ ನಿಜಗುಣಪ್ಪನ ಮಗ, ಉಮಾಶ್ರೀಯ ಗಂಡ ಕಲ್ಮೇಶ, ಗಡಿಗೆ ಎತ್ತಿಕೊಂಡು ಬಂದ.

"ಅಪ್ಪಾ, ಇದೇನ ಇಷ್ಟ ವಜ್ಜಿ ಐತಿ!"

ಜಮಖಾನೆಯ ಮೇಲೆ ಸುರುವಿದರೆ ರಾಶಿ ಬಿತ್ತು. ಓಣಿಯಲ್ಲಿ ಇದ್ದದ್ದು ಎಪ್ಪತ್ತರ ಹತ್ತಿರ ಮತ. ಅಲ್ಲಿ ಬಿದ್ದದ್ದು ಒಂದು ಮನೆಗೆ ವಾರ ಕಾಲ ಪಲ್ಲೆಗೆ ಸಾಲುವಷ್ಟು ಕಾಳು.

"ಯಾರ ಹಾಕಿದ್ರಿದನ್ನ?" ಎಂದು ಕಲ್ಮೇಶ ಕೂಗಿದ.

ಎಲ್ಲರಿಗಿಂತ ಹಿರಿಯಳಾದ ಶೆಟ್ಟೆವ್ವ ಕೂತಲ್ಲಿಂದಲೇ ಕೈ ಎತ್ತಿದಳು. "ನಾ ಹಾಕೀನೋ. ಒಂದ ಮುಷ್ಟಿ ಹಾಕೀನಿ. ಏನೀಗ?"

"ಆಯೀ, ಒಬ್ಬರಿಗೆ ಒಂದ ಕಾಳ ಅಂತ ಹೇಳಿದ್ದಿಲ್ಲನ?"

"ನಿನಗ ಬುದ್ಧಿ ಐತೇನೋ? ಜೋಗವ್ವ ಬೇಡಾಕ ಮನಿ ಮುಂದ ಬಂದ್ರ ಆಕೀ ಪಡ್ಡಲಗಿ ಬುಟ್ಟಿಗೆ ಒಂಟಿ ಕಾಳ ಹಾಕತಾರೇನು? ತುಂಬೂ ಗಡಿಗ್ಯಾಗ ಒಂದ ಕಾಳ ಒಗದು ಬಂದ್ರ ಮನ್ಯಾಗಿನ ಲಕ್ಷ್ಮಿ ಮುನಿಸ್ಕೋತಾಳ. ನಾ ಕೊಡಾಕ ಹ್ವಾದ್ರ ಕೈತುಂಬನ ಕೊಡಾಕಿ."

ಅವಳ ಹಿಂದೆ ಇನ್ನೂ ಮೂವರು ಮುದುಕಿಯರು ಹೌದು ಹೌದೆಂದು ಗೋಣು ಹಾಕಿದರು. ಭವನವೆಲ್ಲ ನಕ್ಕಿತು. ನಗು ಮುಗಿದ ಮೇಲೆ ಕಲ್ಮೇಶ, "ಈ ಆಟ ಸಾಕು. ಮೊದಲಿನಂಗ ಹಿಂದ ಕುಂತ ಮುಗಸೂನು, ಬರ್ರಿ" ಅಂದ. ಗಂಡಸರು ಏಳತೊಡಗಿದರು. ಹೆಣ್ಣುಮಕ್ಕಳು ನೆಲ ನೋಡತೊಡಗಿದರು. ಆ ನೋಟ ಸಿದ್ದಲಿಂಗವ್ವನಿಗೆ ಗುರುತಿತ್ತು. ಕಳೆದ ಸಲ ಇದೇ ನೋಟ ಅವಳನ್ನು ಸೋಲಿಸಿತ್ತು.

ಮರೆವ್ವ ಮಾತ್ರ ರಾಶಿಗೆ ಬೆರಳು ತೋರಿಸಿದಳು. "ಯಾಕ್ರಿ, ಕಣ್ಣ ಕಾಣಸೂದಿಲ್ಲೇನು? ಕಡ್ಲಿನ ಹೆಚ್ಚೈತಿ. ಅಕ್ಕಾರ ಗೆದ್ರು!"

ಹೌದು, ಕಡಲೆಯೇ ಹೆಚ್ಚಿತ್ತು. ಸಿದ್ದಲಿಂಗವ್ವ ಅದನ್ನು ಆಗಲೇ ನೋಡಿದ್ದಳು. ಗೆದ್ದೆ ಅಂದುಬಿಡಬಹುದಿತ್ತು. ಆದರೆ ನಾಲ್ಕು ಮುದುಕಿಯರ ಮುಷ್ಟಿ ತೆಗೆದರೆ ಉಳಿಯುವುದು ಎಷ್ಟೋ ಅವಳಿಗೆ ತಿಳಿಯದು. ಇದನ್ನೇ ಹಿಡಿದು ನಿಂತರೆ ಅರ್ಧ ಓಣಿ ಮುಖ ತಿರುಗಿಸುತ್ತದೆ, ನಾಳೆ ಖರೇ ಚುನಾವಣೆಯಲ್ಲಿ ಕೆಳಗಿನ ಓಣಿಗೆ ಹಬ್ಬ. ಬಿಟ್ಟುಕೊಟ್ಟರೆ ಜಮಖಾನೆ, ಸಾಲು, ಮರೆವ್ವನ ಕೆಮ್ಮು.

"ಇದು ಗೆದ್ದಂಗಲ್ಲ ಮರೆವ್ವ" ಅಂದಳು. "ಬೂತಿನ್ಯಾಗ ಶೆಟ್ಟೆವ್ವಗ ಮುಷ್ಟಿಗಟ್ಟಲೆ ಶಿಕ್ಕಾ ಹೊಡ್ಯಾಕ ಬಿಡೂದಿಲ್ಲ. ಅಣ್ಣಾರ, ರಾಶಿ ನಾ ಬಿಟ್ಟೇನಿ. ಹಿಂದ ಕೂಡೂದು ನೀವ ಬಿಡ್ರಿ. ಇನ್ನೊಮ್ಮೆ ಗಡಿಗಿ ಇಡೂನು."

"ಮತ್ತ ಮುಷ್ಟಿ ಹಾಕಿದ್ರ?" ನಿಜಗುಣಪ್ಪ ಕೇಳಿದ.

"ಕಾಳ ಬ್ಯಾಡ, ಹುಣಸಿಬೀಜ ಕೊಡ್ರಿ. ಹುಣಸಿಬೀಜ ಯಾವ ಜೋಗವ್ವಗೂ ಯಾರೂ ನೀಡೂದಿಲ್ಲ. ಬಾಗಲದಾಗ ಒಬ್ಬರ ಕೈಯಾಗ ಒಂದ. ಒಳಗ ಎರಡ ಗಡಿಗಿ ಇಟ್ಟು ತಳಕ್ಕ ಅರಿವಿ ಹಾಸ್ರಿ, ಸಪ್ಪಳ ಬರಬಾರದು. ನನ್ನ ಗಡಿಗಿ ಮುಂದ ಕಡ್ಲಿ ಇಡ್ರಿ, ಉಮಾಶ್ರೀ ಗಡಿಗಿ ಮುಂದ ಗೋವಿನಜ್ವಾಳ."

ಕಲ್ಮೇಶ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಉಮಾಶ್ರೀ ಎದ್ದು ನಿಂತಳು. "ಮಾವಾರ, ಸಿದ್ದಲಿಂಗವ್ವತ್ತಿ ಹೇಳೂದು ಬರೋಬರಿ ಐತ್ರಿ. ನಾ ಗೆದ್ರ, ಟ್ರ್ಯಾಕ್ಟರಿಂದ ಗೆದ್ಲು ಅಂತ ಅನಸ್ಕೊಳ್ಳಾಕ ನನಗೂ ಮನಸಿಲ್ಲ."

ನಿಜಗುಣಪ್ಪ ಸೊಸೆಯನ್ನು ಒಂದು ಗಳಿಗೆ ನೋಡಿ, "ತರಸ್ರಿ ಹುಣಸಿಬೀಜ" ಅಂದ.

ಮನೆಯಲ್ಲಿ ಹುಣಸೆ ಬಡಿದಿದ್ದ ಶೆಟ್ಟೆವ್ವನೇ ಬೀಜ ಕೊಟ್ಟು ಕಳಿಸಿದಳು. ಕಲ್ಮೇಶ ಬಾಗಿಲಲ್ಲಿ ನಿಂತು ಹಂಚಿದ. ಶಂಕ್ರೆಪ್ಪ ತನ್ನ ಅಂಗೈಯ ಬೀಜವನ್ನು ತಿರುವಿ ತಿರುವಿ ನೋಡಿದ. "ನಿಮ್ಮಪ್ಪಗೂ ಇಷ್ಟನ ಕೊಟ್ಟೀಯೇನೋ ಕಲ್ಮೇಶಾ?"

"ಹೂನ್ರಿ ಕಾಕಾ. ಅಪ್ಪಗೂ ಒಂದ."

"ಹಂಗಾದ್ರ ಚಲೋ ಬೀಜನ ಐತಿ" ಎಂದು ಒಳಗೆ ಹೋದ.

ನಿಜಗುಣಪ್ಪ ತಾನೇ ಎಣಿಸಿದ. ಎರಡು ಸಾಲು ಮಾಡಿ ಒಂದೊಂದೇ ಬೀಜ ಜೋಡಿಸುತ್ತ ಹೋದ. ಸಾಲುಗಳು ಜೋಡೆತ್ತಿನಂತೆ ಸರಿಸಮ ನಡೆದವು. ಸಿದ್ದಲಿಂಗವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಿದ್ದಳು. ಉಮಾಶ್ರೀಯ ಗಡಿಗೆ ಬರಿದಾಯಿತು. ಸಿದ್ದಲಿಂಗವ್ವನ ಗಡಿಗೆಯ ಅರಿವೆ ಕೊಡವಿದಾಗ ಇನ್ನೂ ಐದು ಬೀಜ ಉದುರಿದವು.

ಮರೆವ್ವ ಈ ಸಲ ಕೆಮ್ಮಲಿಲ್ಲ, ಕೇಕೆ ಹಾಕಿದಳು.

ನಿಜಗುಣಪ್ಪ ಬೀಜಗಳನ್ನೇ ನೋಡುತ್ತ ಕೂತಿದ್ದ. ಬಿತ್ತಿಗೆಗೆ ಬಂದು ಕೈ ಮುಗಿಯುತ್ತಿದ್ದ ಮುಖಗಳೆಲ್ಲ ಅವನ ಕಣ್ಣ ಮುಂದೆ ಬಂದಿರಬೇಕು. ಕಡೆಗೆ, "ನಮ್ಮ ಓಣಿ ಇಷ್ಟ ದಿನಾ ನನ್ನ ಬೆನ್ನ ಹಿಂದ ಕುಂತಿತ್ತವಾ ತಂಗಿ. ಇವತ್ತ ಮುಖಾ ತೋರಿಸ್ತು" ಅಂದು ಎದ್ದ. "ಇನ್ನ ನಿಂದ ನಾಮಪತ್ರ. ಕೊಡೂ ದಿನ ಆಫೀಸಿಗೆ ನನ್ನ ಗಾಡಿ ಬರತೈತಿ."

ಮರುದಿನ ಗಿರಣಿಯಲ್ಲಿ ಸರತಿ ಹೊರಗಿನ ತನಕ ಬಂತು. ಬಂದವರೆಲ್ಲ ಡಬ್ಬಿ ಇಳಿಸುತ್ತ, ಅಕ್ಕಪಕ್ಕ ನೋಡಿ, ತಗ್ಗಿದ ದನಿಯಲ್ಲಿ ಒಂದೇ ಮಾತು: "ನಂದ ನಿನಗ ಬಿದ್ದೈತಿ ಮತ್ತ." ಸಿದ್ದಲಿಂಗವ್ವ ಎಲ್ಲರಿಗೂ "ಹೂನವಾ, ಗೊತ್ತೈತಿ" ಅಂದಳು. ಗಡಿಗೆ ಇಡುವ ಮೊದಲು ಇದೇ ಗಿರಣಿಯಲ್ಲಿ ಅವಳಿಗೇ ಹಾಕುತ್ತೇವೆಂದು ಆಣೆ ಮಾಡಿದ್ದವರಲ್ಲಿ ಕೆಲವರು ಹಾಕಿರಲಿಲ್ಲವೆಂದು ಎಣಿಕೆಯೇ ಹೇಳಿತ್ತು. ಯಾರೆಂದು ಇನ್ನು ದೇವರಿಗೇ ಗೊತ್ತು. ತಾನೇ ಬೇಡಿ ತರಿಸಿದ ಗಡಿಗೆ ತನಗೂ ಬಾಯಿ ಬಿಡುವುದಿಲ್ಲವಲ್ಲ ಎಂದು ಅವಳಿಗೆ ಒಳಗೊಳಗೇ ನಗು ಬಂತು. ಮಧ್ಯಾಹ್ನ ಕಲ್ಮೇಶನೂ ಬಂದು, "ಅತ್ತಿ, ಮನ್ಯಾಗ ಹೇಳಬ್ಯಾಡ್ರಿ, ನಂದೂ ನಿಮಗನ" ಅಂದಾಗ ಅವಳು ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡಳು.

ಸಂಜೆ ಗಿರಾಕಿ ಕಡಿಮೆಯಾದ ಮೇಲೆ ಉಮಾಶ್ರೀ ಗೋಧಿ ತಂದಳು. ಬೀಸಿದ ಹಿಟ್ಟು ಅವಳ ಡಬ್ಬಿಗೆ ಬಿತ್ತು.

"ನೀನೂ ನನಗ ಹಾಕೀಯೇನವಾ?" ಸಿದ್ದಲಿಂಗವ್ವನೇ ಕೇಳಿದಳು.

"ಇಲ್ರಿ ಅತ್ತಿ. ನಾ ನನಗ ಹಾಕ್ಕೊಂಡೀನಿ. ಸುಳ್ಳ ಯಾಕ ಹೇಳ್ಲಿ?"

ಸಿದ್ದಲಿಂಗವ್ವ ಗಿರಣಿ ಬಂದ್ ಮಾಡಿದಳು. "ಇವತ್ತ ಖರೇ ಹೇಳಿದಾಕಿ ನೀ ಒಬ್ಬಾಕಿನ ನೋಡು. ನಾಳಿಂದ ಕೆಳಗಿನ ಓಣಿಗೆ ಮತಾ ಕೇಳಾಕ ಹೋಗಬೇಕು. ನನ್ನ ಜೋಡಿ ಬಾ."

"ಸೋತಾಕಿನ್ನ ಕರ್ಕೊಂಡ ಏನ ಮಾಡ್ತೀರಿ?"

"ಅಲ್ಲೂ ಎಲ್ಲಾರೂ ನನಗ ‘ನಿನಗ ಹಾಕತೇವಿ’ ಅಂತಾರ. ಯಾರ ಹಾಕತಾರ, ಯಾರ ಹಾಕೂದಿಲ್ಲ ಅಂತ ಮುಖಾ ನೋಡಿ ನನಗ ಖರೇ ಹೇಳಾಕ ಒಬ್ಬಾಕಿ ಬೇಕಲ್ಲ."

ಉಮಾಶ್ರೀ ಡಬ್ಬಿಯ ಮುಚ್ಚಳ ಹಾಕಿದಳು. "ಬರತೇನ್ರಿ. ಆದ್ರ ಮುಂದಿನ ಸಲ ನಾ ಮತ್ತ ನಿಮ್ಮ ಎದುರ ನಿಲ್ಲಾಕಿನ."

"ನಿಲ್ಲಂತಿ, ಯಾರ ಬ್ಯಾಡ ಅಂದಾರ? ಈಗ ಡಬ್ಬಿ ಸೆರಗಿನಿಂದ ಹಿಡಿ, ಹಿಟ್ಟು ಬಿಸಿ ಐತಿ."